ಕರ್ಚೀಫಿಗೆ ಸಿಗದ ಧೂಳು

ಸಂಜೆ ಆರು ಗಂಟೆ ಹೊತ್ತಿಗೆ ಬಟವಾಡಿಯಿಂದ ಗುಬ್ಬಿ ಗೇಟಿನವರೆಗೆ ಬಿ.ಎಚ್. ರಸ್ತೆಯಲ್ಲಿ ಒಮ್ಮೆ ಸ್ಕೂಟರ್ ಓಡಿಸಿ ನೋಡಿ. ಇಳಿದ ಮೇಲೆ ಬಿಳಿ ಕರ್ಚೀಫಿನಲ್ಲಿ ಮುಖ, ಮೂಗು ಒರೆಸಿಕೊಳ್ಳಿ. ಬಟ್ಟೆ ಕಪ್ಪಗಾಗಿರುತ್ತದೆ. ತುಮಕೂರಿನಲ್ಲಿ ನಾನು ದಿನಾ ಮಾಡುವ ಕೆಲಸ ಇದು. ಮೊದಲೆಲ್ಲ ಆ ಕಪ್ಪು ನೋಡಿ "ಅಯ್ಯೋ, ಇಷ್ಟೆಲ್ಲ ಒಳಗೆ ಹೋಯಿತಲ್ಲ" ಅಂತ ಗಾಬರಿಯಾಗುತ್ತಿತ್ತು. ಆಮೇಲೆ ಒಂದು ವಿಷಯ ಹೊಳೆಯಿತು. ಕರ್ಚೀಫಿನಲ್ಲಿ ಇರುವುದು ಒಳಗೆ ಹೋಗದೆ ಉಳಿದ ಧೂಳು. ಒಳಗೆ ಹೋಗಿದ್ದು ಯಾವ ಕರ್ಚೀಫಿಗೂ ಸಿಗುವುದಿಲ್ಲ.

ಪ್ರತಿ ನವೆಂಬರಿನಲ್ಲಿ ಟಿವಿಯವರು ದೆಹಲಿಯ ಮಬ್ಬು ತೋರಿಸುತ್ತಾರೆ. ಅಶೋಕ ರಸ್ತೆಯಲ್ಲಿ ಟೀ ಕುಡಿಯುತ್ತಾ ಅದನ್ನು ನೋಡುವವರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಸದ್ಯ, ನಮ್ಮೂರು ಹಂಗಿಲ್ಲ ಬಿಡಿ." ಮಾತು ಸುಳ್ಳಲ್ಲ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ವರ್ಷದ ಬಹಳಷ್ಟು ದಿನ ಗಾಳಿ ಆಡುತ್ತದೆ. ಪಕ್ಕದಲ್ಲೇ ದೇವರಾಯನದುರ್ಗದ ಕಾಡಿದೆ. ಆದರೆ "ಹಂಗಿಲ್ಲ" ಅನ್ನುವ ಮಾತು ಯಾವಾಗಲೋ "ಏನೂ ಆಗಲ್ಲ" ಅಂತ ಬದಲಾಗಿಬಿಡುತ್ತದೆ. ತಪ್ಪುವುದು ಅಲ್ಲೇ. ನಮ್ಮಂಥ ನಡುಗಾತ್ರದ ಊರುಗಳ ಗಾಳಿ ಮೈಗೆ ಏನು ಮಾಡುತ್ತದೆ ಅನ್ನುವುದರ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಅದನ್ನು ಹೇಳುವ ಮೊದಲು ಧೂಳಿನ ಗಾತ್ರದ ವಿಷಯ ಹೇಳಬೇಕು.

ಜರಡಿಯೊಳಗೊಂದು ಜರಡಿ

ಗಾಳಿಯ ಸುದ್ದಿ ಬಂದಾಗಲೆಲ್ಲ ಪಿಎಂ 10, ಪಿಎಂ 2.5 ಅನ್ನುವ ಎರಡು ಹೆಸರು ಕೇಳುತ್ತೇವೆ. ಕೇಳಿದರೆ ಯಾವುದೋ ರಾಸಾಯನಿಕದ ಹೆಸರು ಅನ್ನಿಸುತ್ತದೆ. ಅಲ್ಲ, ಅದು ಬರೀ ಅಳತೆ. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಅನ್ನುತ್ತಾರೆ. 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳೆಲ್ಲ ಪಿಎಂ 10. ಅದರೊಳಗೆ 2.5 ಮೈಕ್ರಾನಿಗಿಂತ ಸಣ್ಣವು ಪಿಎಂ 2.5. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಅಂದರೆ ಪಿಎಂ 2.5ರಲ್ಲಿ ಎಲ್ಲಕ್ಕಿಂತ ದಪ್ಪ ಕಣಗಳನ್ನೇ ಸಾಲಾಗಿ ಇಟ್ಟರೂ ಒಂದು ಕೂದಲಿನ ಅಗಲಕ್ಕೆ 20ಕ್ಕೂ ಜಾಸ್ತಿ ಬೇಕು. ಆ ಕಣ ಮರಳೋ, ಮಸಿಯೋ, ಟೈರಿನ ಪುಡಿಯೋ, ಉಪ್ಪೋ ಅಂತ ಈ ಹೆಸರು ಹೇಳುವುದಿಲ್ಲ.

ಗಾತ್ರಕ್ಕೆ ಯಾಕಿಷ್ಟು ಮಹತ್ವ? ರಾಗಿ ಹಿಟ್ಟು ಜರಡಿ ಹಿಡಿಯುವುದನ್ನು ನೆನಪಿಸಿಕೊಳ್ಳಿ. ದಪ್ಪಗಿರುವುದು ಮೇಲೆ ನಿಲ್ಲುತ್ತದೆ, ನುಣ್ಣಗಿರುವುದು ಇಳಿದುಹೋಗುತ್ತದೆ. ನಮ್ಮ ಉಸಿರಿನ ದಾರಿಯಲ್ಲೂ ಒಂದರ ಕೆಳಗೊಂದು ಜರಡಿ ಇದೆ. ಮೊದಲನೆಯದು ಮೂಗು. ಅಲ್ಲಿನ ಕೂದಲು, ಒದ್ದೆ ಪೊರೆ ದಪ್ಪ ಧೂಳನ್ನು ಹಿಡಿಯುತ್ತವೆ. ಬಿ.ಎಚ್. ರಸ್ತೆಯ ಕರ್ಚೀಫಿನಲ್ಲಿ ಕಾಣುವುದು ಇದು. ಎರಡನೆಯದು ಶ್ವಾಸನಾಳ. ಅದರ ಒಳಗೋಡೆಯ ಮೇಲೆ ತೆಳ್ಳಗೆ ಲೋಳೆ ಇರುತ್ತದೆ. ಅದರಡಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳು ಒಂದೇ ಸಮ ಮೇಲ್ಮುಖವಾಗಿ ಬೀಸುತ್ತಾ ಇರುತ್ತವೆ. ಸಿಕ್ಕಿಕೊಂಡ ಧೂಳು ಲೋಳೆಯ ಜೊತೆ ಗಂಟಲಿಗೆ ಬರುತ್ತದೆ. ನಾವು ಉಗಿಯುತ್ತೇವೆ, ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ. ಪಿಎಂ 10ರಲ್ಲಿ ದಪ್ಪಗಿರುವ ಕಣಗಳ ಆಟ ಹೆಚ್ಚುಕಮ್ಮಿ ಇಲ್ಲಿಗೆ ಮುಗಿಯುತ್ತದೆ. ಹಾಗಂತ ಅವು ಸಾಧುಗಳಲ್ಲ. ಕೆಮ್ಮು, ಗಂಟಲು ಕೆರೆತ, ಉಬ್ಬಸ ಇರುವವರಿಗೆ ರಾತ್ರಿಯೆಲ್ಲ ಗೊರಗೊರ, ಇವೆಲ್ಲ ಅವುಗಳ ಕೊಡುಗೆ.

ಶ್ವಾಸಕೋಶದ ತುದಿಯಲ್ಲಿ ಗಾಳಿಗೂಡುಗಳಿವೆ. ಒಂದೆರಡಲ್ಲ, 30 ಕೋಟಿಗೂ ಜಾಸ್ತಿ. ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 25-30ರ ಸೈಟಿನಷ್ಟು. ಇಲ್ಲಿ ರೋಮವೂ ಇಲ್ಲ, ಲೋಳೆಯ ಹೊಳೆಯೂ ಇಲ್ಲ. ಇರುವಂತೆಯೂ ಇಲ್ಲ, ಯಾಕೆಂದರೆ ಆಮ್ಲಜನಕ ಇಲ್ಲಿಂದಲೇ ರಕ್ತಕ್ಕೆ ದಾಟಬೇಕು. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಬಹುಪಾಲು ಕಡೆ ಒಂದು ಮೈಕ್ರಾನಿಗಿಂತ ತೆಳು. ಪಿಎಂ 2.5 ಬಂದು ಕೂರುವುದು ಇಲ್ಲಿ.

ನಡುವೆ ಬೆಲ್ಲದ ವಿಷಯ ಹೇಳಿಬಿಡುತ್ತೇನೆ. ಧೂಳಿನ ಕೆಲಸ ಮಾಡಿ ಬಂದವರು ಒಂದು ಉಂಡೆ ಬೆಲ್ಲ ತಿಂದರೆ ಧೂಳೆಲ್ಲ ಇಳಿದುಹೋಗುತ್ತದೆ ಅಂತ ಹೇಳುವುದನ್ನು ಕೇಳಿರುತ್ತೀರಿ. ಬೆಲ್ಲ ಅನ್ನನಾಳದಲ್ಲಿ ಹೋಗುತ್ತದೆ, ಧೂಳು ಶ್ವಾಸನಾಳದಲ್ಲಿ ಹೋಗಿರುತ್ತದೆ. ಎರಡೂ ಬೇರೆ ಬೇರೆ ರಸ್ತೆ. ಗಂಟಲು ಒಣಗಿದ್ದರೆ ಬೆಲ್ಲ, ನೀರು ಹಿತ ಕೊಡುತ್ತವೆ, ನಿಜ. ಗಾಳಿಗೂಡಿಗೆ ಇಳಿದ ಮಸಿಯನ್ನು ಬೆಲ್ಲ ಎಳೆದು ತರುವುದಿಲ್ಲ.

ಪುಡಿಯ ಧೂಳು, ಬೆಂಕಿಯ ಧೂಳು

ಯಾವ ಧೂಳು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಒಂದು ಸುಲಭದ ಅಂದಾಜು ಇದೆ. ಕುಟ್ಟಿ, ಉಜ್ಜಿ, ಅಗೆದು ಹುಟ್ಟಿದ ಧೂಳು ಸಾಮಾನ್ಯವಾಗಿ ದಪ್ಪ. ಸುಟ್ಟು ಹುಟ್ಟಿದ್ದು ಸಣ್ಣ. ಊರಿನ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಆ ಕೆಲವು ವರ್ಷ ನಾವು ತಿಂದಿದ್ದು ಬಹುಪಾಲು ಮೊದಲನೆಯದು. ಜಲ್ಲಿ ಲಾರಿ, ರಸ್ತೆಯಂಚಿನ ಮಣ್ಣು, ಕಟ್ಟಡದ ಸಿಮೆಂಟು ಇವೂ ಅಷ್ಟೇ. ಡೀಸೆಲ್ ಹೊಗೆ, ಬಾಯ್ಲರ್, ಇಟ್ಟಿಗೆ ಗೂಡು, ಜನರೇಟರ್, ಬೀದಿ ಬದಿ ಸುಡುವ ಕಸ ಎರಡನೆಯದನ್ನು ಕೊಡುತ್ತವೆ. ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತರೆ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಆ ಕಡೆ ವಸಂತನರಸಾಪುರ, ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶಗಳಿವೆ.

ಕಣ್ಣಿಗೆ ಕಾಣದ ಇನ್ನೊಂದು ಮೂಲವೂ ಇದೆ. ವಾಹನ, ಕಾರ್ಖಾನೆಯಿಂದ ಅನಿಲವಾಗಿ ಹೊರಟಿದ್ದು ಗಾಳಿಯಲ್ಲಿ ಬೇರೆ ಅನಿಲದ ಜೊತೆ ಸೇರಿ, ದಾರಿಯಲ್ಲೇ ಸಣ್ಣ ಕಣವಾಗಿ ಗಟ್ಟಿಯಾಗುತ್ತದೆ. ಹೊಗೆ ಕೊಳವೆಯ ಬಾಯಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಬರಲಿಲ್ಲ ಅಂತಲ್ಲ. ದಪ್ಪ ಧೂಳು ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೆ ಬೀಳುತ್ತದೆ. ಈ ಸಣ್ಣದು ದಿನಗಟ್ಟಲೆ ತೇಲುತ್ತದೆ, ನೂರಾರು ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿಗೂ ನಮಗೂ ಇರುವ 70 ಕಿಲೋಮೀಟರ್ ಅದಕ್ಕೆ ದೂರವೇ ಅಲ್ಲ.

ಪುಡಿಯ ಧೂಳೆಲ್ಲ ದಪ್ಪ ಅನ್ನುವ ಮಾತಿಗೆ ಒಂದು ಕೆಟ್ಟ ಅಪವಾದ ಕಲ್ಲಿನ ಕ್ರಷರ್. ಗ್ರಾನೈಟ್ ಒಡೆದಾಗ ಏಳುವ ಧೂಳಿನಲ್ಲಿ ಸಿಲಿಕಾದ ಬಹಳ ಸಣ್ಣ ಚೂರುಗಳು ಇರುತ್ತವೆ. ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ವಾಸಿ ಮಾಡುವ ಮದ್ದಿಲ್ಲ. ಕ್ಷಯ ತಗಲುವ ಸಾಧ್ಯತೆಯೂ ಜಾಸ್ತಿಯಾಗುತ್ತದೆ. ಪಕ್ಕದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಅಲ್ಲಿ ಇಳಿದು ದುಡಿದವರಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿಯೇ ಇದೆ. ಕ್ರಷರಿನಲ್ಲಿ ದುಡಿಯುವವರ ಕಷ್ಟವೇ ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ನಾನಿಲ್ಲಿ ಸ್ಕೂಟರಿನಲ್ಲಿ ಹೋಗುವವರ, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವರ ಗಾಳಿಯ ಬಗ್ಗೆ ಹೇಳುತ್ತಿದ್ದೇನೆ.

ಉಸಿರಿನ ಕಾಯಿಲೆ ಅಂದುಕೊಂಡರೆ ಅರ್ಧ ಮಾತ್ರ

ಗಾಳಿ ಕೆಟ್ಟರೆ ಏನಾಗುತ್ತದೆ ಅಂತ ಯಾರನ್ನೇ ಕೇಳಿ, "ಉಬ್ಬಸ, ಕೆಮ್ಮು, ಅಲರ್ಜಿ" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿದಾಗ ಬೆಚ್ಚಿಬಿದ್ದೆ. ಹೊರಗಿನ ಗಾಳಿ ಕೆಟ್ಟಿದ್ದರಿಂದ ಅಕಾಲದಲ್ಲಿ ಆಗುವ ಸಾವುಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ. ಶ್ವಾಸಕೋಶದ ಕಾಯಿಲೆಗಳೆಲ್ಲ ಸೇರಿ ಉಳಿದ ಪಾಲು.

ಮೂಗಿನಿಂದ ಹೋದದ್ದು ಎದೆಗೆ ಹೇಗೆ ಬಡಿಯುತ್ತದೆ? ಗಾಳಿಗೂಡಿನಲ್ಲಿ ಕಸ ನುಂಗುವ ಜೀವಕೋಶಗಳಿವೆ. ಊರಿಗೆ ಪೌರಕಾರ್ಮಿಕರು ಇದ್ದ ಹಾಗೆ. ಕಣ ಬಂದರೆ ಅವು ನುಂಗುತ್ತವೆ. ಆದರೆ ಮಸಿಯನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಆಗ ಅವು "ಜನ ಸಾಲಲ್ಲ, ಇನ್ನಷ್ಟು ಕಳಿಸಿ" ಅಂತ ರಾಸಾಯನಿಕ ಸುದ್ದಿ ಬಿಡುಗಡೆ ಮಾಡುತ್ತವೆ. ಗಾಯದ ಸುತ್ತ ಕೆಂಪಗೆ ಊದಿಕೊಳ್ಳುವುದು ಇದೇ ಸುದ್ದಿಯಿಂದ. ಗಾಯ ಎರಡು ದಿನಕ್ಕೆ ಮಾಯುತ್ತದೆ, ಆದರೆ ಉಸಿರು ನಿಲ್ಲುವುದಿಲ್ಲ, ಕಣ ಬರುವುದೂ ನಿಲ್ಲುವುದಿಲ್ಲ. ಹಾಗಾಗಿ ಈ ಉರಿಯೂತ ದಿನಾ ಸಣ್ಣಗೆ ಹೊಗೆಯಾಡುತ್ತಲೇ ಇರುತ್ತದೆ. ಸುದ್ದಿ ಶ್ವಾಸಕೋಶದಲ್ಲಿ ನಿಲ್ಲದೆ ರಕ್ತಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಸ್ವಲ್ಪ ಜಾಸ್ತಿಯಾಗುತ್ತದೆ. ರಕ್ತನಾಳದ ಒಳಗೋಡೆ ಬಿಗಿಯುತ್ತದೆ, ಬಿಪಿ ಏರುತ್ತದೆ. ನಾಳದ ಗೋಡೆಗೆ ಮೊದಲೇ ಕೊಬ್ಬು ಕಟ್ಟಿದ್ದರೆ ಅದು ಬಿರುಕು ಬಿಡುವ ಸಾಧ್ಯತೆ ಹೆಚ್ಚುತ್ತದೆ. ತೀರಾ ಸಣ್ಣ ಕಣಗಳಂತೂ ಆ ತೆಳು ಗೋಡೆ ದಾಟಿ ರಕ್ತಕ್ಕೇ ಇಳಿಯುತ್ತವೆ. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಬಾಣಂತಿಯರ ಮಾಸು ಪರೀಕ್ಷಿಸಿ ನೋಡಿದಾಗ, ಮಗುವಿನ ಕಡೆಗಿರುವ ಭಾಗದಲ್ಲೂ ಮಸಿಯ ಕಣಗಳು ಸಿಕ್ಕವು. ತಾಯಿಯ ಮೂಗಿನಿಂದ ಅಲ್ಲಿಯವರೆಗೆ ಹೋಗಲು ರಕ್ತ ಬಿಟ್ಟು ಬೇರೆ ದಾರಿ ಇಲ್ಲ.

ಇದೆಲ್ಲ ಬರೀ ಪ್ರಯೋಗಾಲಯದ ಮಾತಲ್ಲ. ಅಮೆರಿಕದಲ್ಲಿ ಆರು ಊರುಗಳ 8,000ಕ್ಕೂ ಹೆಚ್ಚು ಜನರನ್ನು 14ರಿಂದ 16 ವರ್ಷ ಗಮನಿಸಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೀಡಿ-ಸಿಗರೇಟು, ತೂಕ, ಓದು ಇವುಗಳ ವ್ಯತ್ಯಾಸವನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ, ಅತಿ ಕೊಳೆ ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ 26 ಶೇಕಡಾ ಜಾಸ್ತಿ ಇತ್ತು. ಕಾರ್ಖಾನೆಯವರು ಇದನ್ನು ಒಪ್ಪಲಿಲ್ಲ, ದೊಡ್ಡ ಜಗಳವಾಯಿತು. ಮಾಹಿತಿಯನ್ನೆಲ್ಲ ಹೊರಗಿನವರ ಕೈಗೆ ಕೊಟ್ಟು ಮತ್ತೆ ಲೆಕ್ಕ ಹಾಕಿಸಿದರು. ಉತ್ತರ ಹೆಚ್ಚುಕಮ್ಮಿ ಅದೇ ಬಂತು.

ನಮ್ಮ ಬೀದಿಯಲ್ಲಿ ಒಬ್ಬರಿದ್ದರು. ಬೀಡಿ ಮುಟ್ಟಿದವರಲ್ಲ, ಕುಡಿಯುತ್ತಿರಲಿಲ್ಲ, ದಿನಾ ವಾಕಿಂಗ್ ತಪ್ಪಿಸುತ್ತಿರಲಿಲ್ಲ. ಅಂಗಡಿ ಮಾತ್ರ ಮುಖ್ಯರಸ್ತೆಗೆ ಮುಖ ಮಾಡಿತ್ತು. 50 ದಾಟಿದ ಸ್ವಲ್ಪ ದಿನಕ್ಕೇ ಹೃದಯಾಘಾತವಾಗಿ ಹೋದರು. ತಿಥಿಯ ಊಟದಲ್ಲೂ ಜನ "ಅವರಿಗ್ಯಾಕೆ ಹಿಂಗಾಯ್ತು" ಅಂತ ಕೇಳುತ್ತಲೇ ಇದ್ದರು. ಗಾಳಿಯಿಂದಲೇ ಹೋದರು ಅಂತ ನಾನು ಹೇಳಲಾರೆ, ಯಾವ ಡಾಕ್ಟರೂ ಹೇಳಲಾರರು. ಈ ವಿಷಯ ಜನರ ಮನಸ್ಸಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ. ಹಾವು ಕಚ್ಚಿದರೆ ಹಾವಿನ ಹೆಸರು ಇರುತ್ತದೆ. ಮರಣ ಪ್ರಮಾಣಪತ್ರದಲ್ಲಿ "ಗಾಳಿ" ಅಂತ ಯಾರೂ ಬರೆಯುವುದಿಲ್ಲ.

ಹಾಗಿದ್ದರೆ 2019ರಲ್ಲಿ ಭಾರತದಲ್ಲಿ 16.7 ಲಕ್ಷ ಸಾವು ವಾಯುಮಾಲಿನ್ಯದಿಂದ ಆಯಿತು ಅನ್ನುವ ಲೆಕ್ಕ ಎಲ್ಲಿಂದ ಬಂತು? ಒಬ್ಬೊಬ್ಬರ ಹೆಸರು ಬರೆದು ಕೂಡಿದ್ದಲ್ಲ ಅದು. ಗಾಳಿ ಚೆನ್ನಾಗಿದ್ದಿದ್ದರೆ ಇಷ್ಟು ಜನರಲ್ಲಿ ಎಷ್ಟು ಹೃದಯಾಘಾತ, ಎಷ್ಟು ನ್ಯುಮೋನಿಯಾ ಆಗುತ್ತಿತ್ತು, ಈಗ ಎಷ್ಟು ಆಗಿದೆ, ನಡುವಿನ ವ್ಯತ್ಯಾಸ ಎಷ್ಟು ಅಂತ ಹಾಕಿದ ಅಂದಾಜು. ಮನೆಯೊಳಗಿನ ಸೌದೆ ಒಲೆಯ ಹೊಗೆಯೂ ಆ ಲೆಕ್ಕದಲ್ಲಿ ಸೇರಿದೆ.

ಒಂದು ಸಿಗರೇಟಿನ ಒಗಟು

"ನಮ್ಮೂರು ದೆಹಲಿ ಅಲ್ಲ" ಅನ್ನುವ ಮಾತಿಗೆ ಈಗ ಬರೋಣ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 10,000 ಲೀಟರ್, ಅಂದರೆ 10 ಘನ ಮೀಟರ್ ಗಾಳಿ ಉಸಿರಾಡುತ್ತಾನೆ. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಘನ ಮೀಟರಿನಲ್ಲಿ ಪಿಎಂ 2.5 ವರ್ಷದ ಸರಾಸರಿ 40 ಮೈಕ್ರೋಗ್ರಾಂವರೆಗೆ ಇರಬಹುದು. ಮಿಲಿಗ್ರಾಮನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರೋಗ್ರಾಂ ಅನ್ನುತ್ತಾರೆ. ಅಷ್ಟೇ ಇದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 400 ಮೈಕ್ರೋಗ್ರಾಂ ಒಳಗೆ ಹೋಯಿತು. ವರ್ಷಕ್ಕೆ ಸುಮಾರು 146 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತಲೂ ಕಮ್ಮಿ! ಒಂದು ಸಿಗರೇಟು ಸೇದಿದರೆ ಸುಮಾರು 12 ಮಿಲಿಗ್ರಾಂ ಕಣ ಒಳಗೆ ಹೋಗುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ಇಡೀ ವರ್ಷದ ಗಾಳಿ ಹನ್ನೆರಡೇ ಸಿಗರೇಟಿಗೆ ಸಮ. ಹಾಗಾದರೆ ಇಷ್ಟೆಲ್ಲ ಯಾಕೆ ಹೆದರಬೇಕು, ಅಲ್ವಾ?

ಒಗಟು ಇರುವುದು ಇಲ್ಲೇ. ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ದಿನಕ್ಕೆ ಒಂದೇ ಸೇದುವವರಿಗೆ ಅದರ ಇಪ್ಪತ್ತರಲ್ಲಿ ಒಂದು ಪಾಲು ಇರಬೇಕಿತ್ತು. ಹಾಗಿಲ್ಲ. ಹೆಚ್ಚುಕಮ್ಮಿ ಅರ್ಧದಷ್ಟು ಇದೆ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದ್ದು ಇದು. ಶ್ವಾಸಕೋಶದ ಕ್ಯಾನ್ಸರ್ ಮಾತ್ರ ಹೆಚ್ಚುಕಮ್ಮಿ ಸೇದಿದ ಲೆಕ್ಕಕ್ಕೆ ತಕ್ಕಂತೆ ಏರುತ್ತದೆ. ಹೃದಯ ಹಾಗಲ್ಲ. ಮೊದಲ ಸ್ವಲ್ಪಕ್ಕೇ ಅದು ಜೋರಾಗಿ ನೋಯುತ್ತದೆ, ಆಮೇಲಿನದಕ್ಕೆ ಹೊಡೆತ ಹಗುರವಾಗುತ್ತಾ ಹೋಗುತ್ತದೆ. ಹೊಸ ಬಿಳಿ ಅಂಗಿಗೆ ಮೊದಲ ಸಾರಿನ ಹನಿ ಬಿದ್ದರೆ ಅಂಗಿಯೇ ಹಾಳು. ಇಪ್ಪತ್ತನೆಯ ಹನಿಯನ್ನು ಯಾರು ನೋಡುತ್ತಾರೆ?

ಹೊಗೆ ಸಿಗರೇಟಿನದಾಗಲಿ, ಲಾರಿಯದಾಗಲಿ, ಒಲೆಯದಾಗಲಿ, ಹೃದಯದ ವಿಷಯದಲ್ಲಿ ಏರುವ ರೀತಿ ಇದೇ. ಕೆಳಗಿನ ಮೆಟ್ಟಿಲುಗಳೇ ಕಡಿದಾಗಿವೆ. ನಮ್ಮಂಥ ಊರುಗಳು ನಿಂತಿರುವುದು ಆ ಮೆಟ್ಟಿಲುಗಳ ಮೇಲೆ. ದೆಹಲಿಯಲ್ಲಿ ಹತ್ತು ಮೈಕ್ರೋಗ್ರಾಂ ಕಮ್ಮಿ ಮಾಡಿದರೆ ಒಬ್ಬೊಬ್ಬರ ಹೃದಯಕ್ಕೆ ಸಿಗುವ ಲಾಭಕ್ಕಿಂತ, ನಮ್ಮಲ್ಲಿ ಅದೇ ಹತ್ತು ಕಮ್ಮಿ ಮಾಡಿದರೆ ಸಿಗುವ ಲಾಭ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ವಾರ್ಷಿಕ ಮಿತಿಯನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿದ್ದಕ್ಕೂ, ಕಮ್ಮಿ ಮಾಲಿನ್ಯದಲ್ಲೂ ತೊಂದರೆ ಕಂಡಿದ್ದೇ ಕಾರಣ. ನಮ್ಮ ಮಿತಿ ಇನ್ನೂ 2009ರ ಆ 40ರಲ್ಲೇ ಇದೆ.

ಮಕ್ಕಳ ಲೆಕ್ಕ ಬೇರೆ

ಮಕ್ಕಳು ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆಯುತ್ತಾರೆ. ಓಡುತ್ತಾರೆ, ಬಾಯಿಂದ ಉಸಿರಾಡುತ್ತಾರೆ, ಮೊದಲ ಜರಡಿಯೇ ತಪ್ಪಿಹೋಗುತ್ತದೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಶಾಲಾ ಮಕ್ಕಳನ್ನು ಅಳೆದು ನೋಡಿದ್ದಾರೆ. ಕೊಳೆ ಗಾಳಿಯಲ್ಲಿ ಬೆಳೆದವರ ಶ್ವಾಸಕೋಶದ ಬಲ 18ನೇ ವಯಸ್ಸಿಗೂ ಕಮ್ಮಿಯೇ ಉಳಿಯಿತು. ಅಲ್ಲಿಯ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಹೆಚ್ಚು ಬಲವಾಗಿತ್ತು ಅಂತ 2015ರಲ್ಲಿ ಪ್ರಕಟಿಸಿದರು.

ನನಗೆ ಇಷ್ಟವಾದ ಉದಾಹರಣೆ ಅಮೆರಿಕದ ಯೂಟಾ ಕಣಿವೆಯದು. ಅಲ್ಲೊಂದು ಉಕ್ಕಿನ ಕಾರ್ಖಾನೆ ಕಾರ್ಮಿಕರ ಜೊತೆಗಿನ ತಕರಾರಿನಿಂದ 1986ರ ಆಗಸ್ಟಿನಲ್ಲಿ ಮುಚ್ಚಿತು. ಸುಮಾರು ಒಂದು ವರ್ಷ ಬಾಗಿಲು ಹಾಕಿತ್ತು. ಗಾಳಿಯ ಬಗ್ಗೆ ಯೋಚಿಸಿ ಮುಚ್ಚಿದ್ದಲ್ಲ. ಆದರೆ ಆ ಚಳಿಗಾಲ ಉಸಿರಿನ ತೊಂದರೆಗೆ ಆಸ್ಪತ್ರೆ ಸೇರಿದ ಮಕ್ಕಳನ್ನು ಎಣಿಸಿದಾಗ, ಕಾರ್ಖಾನೆ ನಡೆಯುವ ಚಳಿಗಾಲಗಳಲ್ಲಿ ಎರಡರಿಂದ ಮೂರು ಪಟ್ಟು ಜಾಸ್ತಿ ಮಕ್ಕಳು ಸೇರುತ್ತಿದ್ದರು ಅಂತ ಗೊತ್ತಾಯಿತು. ಊರು ಅದೇ, ಜನ ಅದೇ, ಚಳಿಯೂ ಅದೇ.

ಮರಣ ಪ್ರಮಾಣಪತ್ರದಲ್ಲಿ ಗಾಳಿ ಅಂತ ಬರೆಯುವುದಿಲ್ಲ ಅಂದೆನಲ್ಲ, ಒಮ್ಮೆ ಬರೆದಿದ್ದಾರೆ. ಲಂಡನ್ನಿನಲ್ಲಿ ವಾಹನ ದಟ್ಟವಾಗಿದ್ದ ದೊಡ್ಡ ರಸ್ತೆಯ ಪಕ್ಕದಲ್ಲೇ ಬೆಳೆದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ಅವಳ ತಾಯಿ ಬಿಡದೆ ಹೋರಾಡಿದರು. 2020ರ ಡಿಸೆಂಬರಿನಲ್ಲಿ ವಿಚಾರಣಾಧಿಕಾರಿ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಬರೆದರು.

ಫೋನಿನಲ್ಲಿ ಕಾಣುವ ನಂಬರ್

ಈಗ ಎಲ್ಲರ ಫೋನಿನಲ್ಲೂ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕ, ಬರುತ್ತದೆ. ಇದನ್ನು ಓದುವುದರಲ್ಲಿ ಮೂರು ಗೊಂದಲಗಳಿವೆ. ಮೊದಲನೆಯದು, ಅದು ಸರಾಸರಿ ಅಲ್ಲ. ಎಂಟು ಬಗೆಯ ಮಾಲಿನ್ಯಕ್ಕೆ ಬೇರೆ ಬೇರೆ ಅಂಕ ಹಾಕಿ, ಎಲ್ಲಕ್ಕಿಂತ ಕೆಟ್ಟದ್ದು ಯಾವುದೋ ಅದನ್ನೇ ಊರಿನ ಎಕ್ಯೂಐ ಅನ್ನುತ್ತಾರೆ. ಗಣಿತದಲ್ಲಿ ಫೇಲಾದ ಹುಡುಗನಿಗೆ ಗಣಿತದ ಅಂಕವನ್ನೇ ಫಲಿತಾಂಶ ಅಂತ ಕೊಟ್ಟ ಹಾಗೆ. ಹಾಗಾಗಿ ಒಂದು ದಿನದ 120 ರಸ್ತೆ ಧೂಳಿನಿಂದ ಬಂದಿರಬಹುದು, ಇನ್ನೊಂದು ದಿನದ 120 ಹೊಗೆಯಿಂದ. ಆ್ಯಪಿನಲ್ಲಿ ಒಳಗೆ ಒತ್ತಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಎರಡನೆಯದು ತಮಾಷೆಯಾಗಿದೆ. ಇಬ್ಬರು ಸ್ನೇಹಿತರು ಒಂದೇ ಬೆಂಚಿನಲ್ಲಿ ಕೂತು ಫೋನ್ ನೋಡಿದರೆ ಒಬ್ಬರದು 100, ಇನ್ನೊಬ್ಬರದು 150 ದಾಟಿದ ನಂಬರ್ ತೋರಿಸಬಹುದು. ಯಾವುದೂ ಸುಳ್ಳಲ್ಲ. ಒಂದು ಭಾರತದ ಅಳತೆಗೋಲು, ಇನ್ನೊಂದು ಅಮೆರಿಕದ್ದು. ಪಿಎಂ 2.5 ದಿನದ ಸರಾಸರಿ 60 ಮೈಕ್ರೋಗ್ರಾಂ ಇದ್ದರೆ ನಮ್ಮದರಲ್ಲಿ ಎಕ್ಯೂಐ 100, "ತೃಪ್ತಿಕರ". ಅವರದರಲ್ಲಿ ಅದೇ ಗಾಳಿ "ಅನಾರೋಗ್ಯಕರ". ಮೂರನೆಯ ಗೊಂದಲ ಹಸಿರು ಬಣ್ಣದ್ದು. ನಮ್ಮ ಅಳತೆಯಲ್ಲಿ ಪಿಎಂ 2.5 ದಿನಕ್ಕೆ ಸರಾಸರಿ 30 ಮೈಕ್ರೋಗ್ರಾಂವರೆಗೆ "ಉತ್ತಮ". ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿ 15. ಹಸಿರು ಬಂತು ಅಂದರೆ ಸದ್ಯಕ್ಕೆ ಗಾಬರಿ ಬೇಡ ಅಂತ ಇಟ್ಟುಕೊಳ್ಳಿ. ಗಾಳಿ ಶುದ್ಧವಾಗಿದೆ ಅಂತ ಓದಬೇಡಿ.

ಅದೂ ಅಲ್ಲದೆ ಅಳೆಯುವ ಯಂತ್ರ ಎಲ್ಲೋ ಒಂದು ಕಡೆ ನಿಂತಿರುತ್ತದೆ. ನೀವು ಶಿರಾ ಗೇಟಿನ ಸಿಗ್ನಲ್‌ನಲ್ಲಿ ಲಾರಿಯ ಹಿಂದೆ ನಿಂತಿರುತ್ತೀರಿ.

ಚಳಿಗಾಲದ ಬೆಳಗ್ಗೆ

ಧನುರ್ಮಾಸದ ಬೆಳಗ್ಗೆ ಐದೂವರೆಗೆ ಅಮಾನಿಕೆರೆ ಸುತ್ತಲೂ ವಾಕಿಂಗ್ ಮಾಡುವವರು ಬಹಳ. "ಬೆಳಗಿನ ಗಾಳಿ ಶುದ್ಧ" ಅನ್ನುವುದು ನಮ್ಮೆಲ್ಲರ ನಂಬಿಕೆ. ಬೇಸಿಗೆ, ಮಳೆಗಾಲಕ್ಕೆ ಆ ಮಾತು ಪರವಾಗಿಲ್ಲ. ಚಳಿಗಾಲದಲ್ಲಿ ಲೆಕ್ಕ ತಿರುಗುತ್ತದೆ. ಹಗಲಲ್ಲಿ ನೆಲ ಕಾದು, ಬಿಸಿ ಗಾಳಿ ಮೇಲೇರಿ, ಹೊಗೆಯನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಚಳಿಯ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ. ಬೆಚ್ಚನೆಯದು ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ತರಗೆಲೆ ಸುಟ್ಟ ಹೊಗೆ ಮೇಲೇರದೆ ಬೀದಿಯಲ್ಲಿ ಅಡ್ಡಡ್ಡ ಹರಡುವುದನ್ನು ನೋಡಿರುತ್ತೀರಲ್ಲ, ಅದೇ ಇದರ ಗುರುತು. ಬಿಸಿಲು ಬಂದು ಮುಚ್ಚಳ ತೆರೆಯುವವರೆಗೆ ರಾತ್ರಿಯ ಹೊಗೆಯೆಲ್ಲ ನಮ್ಮ ಮೂಗಿನ ಎತ್ತರದಲ್ಲೇ ಇರುತ್ತದೆ. ವಾಕಿಂಗ್ ಬಿಡಬೇಡಿ, ನಮ್ಮೂರಿನಂಥ ಗಾಳಿಯಲ್ಲಿ ನಡಿಗೆಯ ಲಾಭವೇ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಸ್ವಲ್ಪ ಬಿಸಿಲೇರಿದ ಮೇಲೆ ಹೋದರೆ ಆಯಿತು. ಹೃದಯ, ಉಬ್ಬಸದ ತೊಂದರೆ ಇರುವವರಿಗಂತೂ ಚಳಿಯೂ ತಪ್ಪುತ್ತದೆ.

ಮನೆಯೊಳಗಿನ ಗಾಳಿಯ ಬಗ್ಗೆ ನಾವು ಕಣ್ಣು ಮುಚ್ಚಿಕೊಂಡಿದ್ದೇವೆ ಅಂತ ನನ್ನ ಅನಿಸಿಕೆ. ಸೊಳ್ಳೆ ಬತ್ತಿಯನ್ನು ಪರೀಕ್ಷಿಸಿದ 2003ರ ಒಂದು ಅಧ್ಯಯನದಲ್ಲಿ, ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಉರಿದಷ್ಟು ಪಿಎಂ 2.5 ಬರುತ್ತದೆ ಅಂತ ಕಂಡಿತು. ಕಿಟಕಿ ಹಾಕಿ, ಮಗುವನ್ನು ಮಲಗಿಸಿ, ಮಂಚದಡಿ ಬತ್ತಿ ಹಚ್ಚುವ ನಮಗೆ ಇದು ಗೊತ್ತಿರಬೇಕಾದ ವಿಷಯ. ಸೊಳ್ಳೆ ಪರದೆಗೆ ಹೊಗೆ ಇಲ್ಲ. ನಮ್ಮ ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆ ಆರಿಲ್ಲ. ಮಟ್ಟೆ, ಗರಿ, ಚಿಪ್ಪು ಪುಕ್ಕಟೆ ಸಿಗುವಾಗ ಹಂಡೆ ನೀರಿಗೆ ಯಾರು ಗ್ಯಾಸ್ ಸುಡುತ್ತಾರೆ? ಆದರೆ ಒಲೆ ಊದುತ್ತಾ ಜೀವನ ಕಳೆದ ಹೆಂಗಸರಿಗೆ, ಬೀಡಿ ಮುಟ್ಟದಿದ್ದರೂ, ಬೀಡಿ ಸೇದುವವರಿಗೆ ಬರುವ ದಮ್ಮೇ ಬರುತ್ತದೆ. ಡಾಕ್ಟರುಗಳು ಅದಕ್ಕೆ ಸಿಒಪಿಡಿ ಅನ್ನುತ್ತಾರೆ. ಒಲೆಗೆ ಹೊಗೆ ಕೊಳವೆ ಹಾಕಿಸುವುದು, ಒದ್ದೆ ಮಟ್ಟೆ ತುರುಕದೆ ಇರುವುದು ಸಣ್ಣ ಕೆಲಸವಾದರೂ ಸುಮ್ನೆ ಅಲ್ಲ.

ಇನ್ನು ಮಾಸ್ಕ್. ಕರ್ಚೀಫು ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ಅದನ್ನು ಮೂಗೇ ನಿಲ್ಲಿಸುತ್ತಿತ್ತು. ಸಣ್ಣದಕ್ಕೆ ಎನ್95 ಬೇಕು. ಅದೂ ಕೆನ್ನೆಗೆ, ಮೂಗಿಗೆ ಬಿಗಿಯಾಗಿ ಕೂತರೆ ಮಾತ್ರ. ಉಸಿರು ಬಿಟ್ಟಾಗ ಕನ್ನಡಕ ಮಂಜಾಗುತ್ತಿದ್ದರೆ ಮಾಸ್ಕ್ ಸೋರುತ್ತಿದೆ ಅಂತ ಅರ್ಥ. ಮನೆಯಲ್ಲಿ ಕುಂಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅನ್ನುವುದು ನರ್ಸರಿಯವರ ಮಾತು. ಗಿಡ ಚೆಂದ, ಇಡಿ, ಗಾಳಿ ಶುದ್ಧವಾಗುತ್ತದೆ ಅಂತ ಮಾತ್ರ ನಂಬಬೇಡಿ.

ದುಡ್ಡಿಲ್ಲದೆ ಆಗುವ ಒಂದು ಉಪಾಯವಿದೆ. ವಾಹನದ ಹೊಗೆಯ ಸಣ್ಣ ಕಣಗಳು ರಸ್ತೆಯಂಚಿನಲ್ಲಿ ದಟ್ಟವಾಗಿರುತ್ತವೆ, ನೂರಿನ್ನೂರು ಮೀಟರ್ ಒಳಗೆ ಸರಿದರೆ ಬಹಳಷ್ಟು ಇಳಿದುಬಿಡುತ್ತವೆ. ಒಂದೆರಡು ಬೀದಿ ಒಳಗೆ ಹೋದರೆ ಸಾಕು. ನಾನೀಗ ಸಂಜೆ ಬಿ.ಎಚ್. ರಸ್ತೆ ಬಿಟ್ಟು, ಎಸ್.ಎಸ್. ಪುರಂ ಒಳಗಿನ ಅಡ್ಡರಸ್ತೆಗಳಲ್ಲಿ ಮನೆ ಸೇರುತ್ತೇನೆ. ಹಂಪುಗಳು ಜಾಸ್ತಿ, ನಾಲ್ಕು ನಿಮಿಷ ತಡವಾಗುತ್ತದೆ. ಒಂದು ತಿರುವಿನಲ್ಲಿ ಮಾತ್ರ ಯಾರೋ ವಾರಕ್ಕೆರಡು ಸಲ ತರಗೆಲೆ, ಪ್ಲಾಸ್ಟಿಕ್ ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ. ಮೊನ್ನೆ ಗಾಡಿ ನಿಲ್ಲಿಸಿ ಕೇಳಿದೆ. ಆ ಮನೆಯ ಅಜ್ಜಿ, "ಸೊಳ್ಳೆ ಜಾಸ್ತಿ ಕಣಪ್ಪ, ಹೊಗೆ ಹಾಕಿದ್ರೆ ಹೋಗ್ತವೆ" ಅಂದರು. ಅಂದು ಮುಗಿಸುವುದರೊಳಗೆ ಅವರಿಗೇ ಕೆಮ್ಮು ಬಂತು.